ಹೊಗೆಯೂರಿನ ಹುಡುಗರು ಕಂಡ ಕಾಡು

ಮೊದಲು ಕಂಡದ್ದು ಹಸಿರು. ಕಂಪ್ಯೂಟರ್ ಪರದೆಯ ತುಂಬ ಇಳಿಜಾರು ಹುಲ್ಲುಗಾವಲು, ಎಡಕ್ಕೆ ನೆಟ್ಟಗೆ ನಿಂತ ಎತ್ತರದ ಮರ, ಪಕ್ಕದಲ್ಲಿ ಟೋಪಿ ಹಾಕಿಕೊಂಡು ನಿರುಮ್ಮಳವಾಗಿ ಒರಗಿದವನೊಬ್ಬ. ಅವನು ನೋಡುತ್ತಿರುವ ಕಡೆಗೇ ನಾವೂ ನೋಡಿದರೆ ಬಿಳಿ ಹೊಗೆ ಬಿಡುತ್ತ ಬರುವ ಪುಟ್ಟ ರೈಲು. ಅದರಾಚೆ ಗುಮ್ಮಟ ಹೊತ್ತ ಲೋಕೋ ಶೆಡ್ಡು, ಚರ್ಚಿನ ಗೋಪುರ, ಮಬ್ಬಿನಲ್ಲಿ ಕರಗಿ ಹೋದ ಗುಡ್ಡ. ಎಷ್ಟು ಚೆಂದ ಎಂದುಕೊಳ್ಳುವಷ್ಟರಲ್ಲಿ ಕಣ್ಣು ನಡುವಿನ ಬಯಲಿಗೆ ಇಳಿಯಿತು. ಅಲ್ಲಿ ಚುಕ್ಕಿ ಚುಕ್ಕಿಯಾಗಿ ಏನೋ ಇದೆ. ದನಗಳೇ? ಕಲ್ಲುಗಳೇ? ಹಿಗ್ಗಿಸಿದೆ. ಇನ್ನಷ್ಟು ಹಿಗ್ಗಿಸಿದೆ. ಕಡಿದ ಮರಗಳ ಬೊಡ್ಡೆಗಳು! ಒಂದಲ್ಲ, ಹತ್ತಲ್ಲ, ಬಯಲ ತುಂಬ ಬೊಡ್ಡೆಗಳು. ಆ ಒಂಟಿ ಮರ ಯಾಕೆ ಅಷ್ಟು ಒಂಟಿಯಾಗಿ ನಿಂತಿತ್ತು ಎಂದು ಆಗ ಹೊಳೆಯಿತು. ಅದರ ಒಡನಾಡಿಗಳೆಲ್ಲ ನೆಲಕ್ಕೆ ಬಿದ್ದಾಗಿತ್ತು.

ಇದು ‘ದಿ ಲ್ಯಾಕವಾನಾ ವ್ಯಾಲಿ’. ಜಾರ್ಜ್ ಇನ್ನೆಸ್ ಎಂಬ ಅಮೆರಿಕನ್ ಕಲಾವಿದ 1856ರ ಸುಮಾರಿಗೆ ಬರೆದದ್ದು; ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಊರಿನ ನೋಟ. ಬರೆಸಿದವರು ಯಾರು ಗೊತ್ತೇ? ಡೆಲಾವೇರ್, ಲ್ಯಾಕವಾನಾ ಅಂಡ್ ವೆಸ್ಟರ್ನ್ ಎಂಬ ರೈಲು ಕಂಪನಿ! ಹೊಸ ದಾರಿ, ಹೊಸ ಶೆಡ್ಡು, ಹೊಗೆಯುಗುಳುವ ಎಂಜಿನ್ನು ಎಲ್ಲರ ಕಣ್ಣಿಗೂ ಬೀಳಲೆಂದು 75 ಡಾಲರ್ ಕೊಟ್ಟು ಬರೆಸಿತು. ತನ್ನ ಹೆಗ್ಗಳಿಕೆಗೆಂದು ಕಂಪನಿ ಬರೆಸಿದ ಚಿತ್ರದಲ್ಲಿ ಈ ಮನುಷ್ಯ ಇಷ್ಟೊಂದು ಬೊಡ್ಡೆಗಳನ್ನು ಯಾಕೆ ಬರೆದ? ನಾಲ್ಕು ಸಲ ಕುಂಚ ಎಳೆದಿದ್ದರೆ ಹುಲ್ಲಿನ ಹಸಿರಲ್ಲಿ ಎಲ್ಲ ಮುಚ್ಚಿಹೋಗುತ್ತಿತ್ತು. ಅವನು ಮುಚ್ಚಲಿಲ್ಲ. ರೈಲನ್ನು ಎಷ್ಟು ಅಕ್ಕರೆಯಿಂದ ಬರೆದನೋ ಬೊಡ್ಡೆಗಳನ್ನೂ ಅಷ್ಟೇ ನಿಷ್ಠೆಯಿಂದ ಬರೆದ.

ಈ ಚಿತ್ರದ ಮುಂದಿನ ಕಥೆ ಕೇಳಿ. ಕಂಪನಿ ಅದನ್ನು ಎಲ್ಲೋ ಕಳೆದುಕೊಂಡಿತು. ಮೂವತ್ತೈದು ವರ್ಷ ಕಳೆದ ಮೇಲೆ, ತಲೆ ನರೆತ ಇನ್ನೆಸ್ ಮೆಕ್ಸಿಕೋ ನಗರಕ್ಕೆ ಹೋಗಿದ್ದಾಗ ಒಂದು ಹಳೆ ಸಾಮಾನಿನ ಅಂಗಡಿಯೊಳಗೆ ಹೊಕ್ಕ. ಅಲ್ಲಿತ್ತು, ಅವನದೇ ಚಿತ್ರ. ತನ್ನ ಕೈಯಾರೆ ಬರೆದದ್ದನ್ನು ತಾನೇ ದುಡ್ಡು ಕೊಟ್ಟು ಕೊಂಡು ಮನೆಗೆ ತಂದ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆ ಕಾಲದ ಅಮೆರಿಕದ ನಿಸರ್ಗಚಿತ್ರಗಳೆಂದರೆ ಬೆಟ್ಟ, ಜಲಪಾತ, ಹೊಂಬಿಸಿಲು. ಕ್ಯಾಲೆಂಡರಿಗೆ ಹೇಳಿ ಮಾಡಿಸಿದ ಚೆಲುವು ಎಂದಷ್ಟೇ ತಿಳಿದಿದ್ದೆ. ಈಗ ಒಂದೊಂದನ್ನೂ ತೆರೆದು ಬೊಡ್ಡೆ ಹುಡುಕತೊಡಗಿದೆ. ಎಲ್ಲೆಲ್ಲೂ ಇದ್ದವು! ಕೊಡಲಿ ಹಿಡಿದವನು, ದೂರದ ಹೊಗೆ, ಕಾಡಿನ ನಡುವೆ ಬೋಳಾದ ಒಂದು ತೇಪೆ. ನೋಡುವ ಕಣ್ಣಿಗಾಗಿ ನೂರೈವತ್ತು ವರ್ಷದಿಂದ ಕಾದು ಕೂತಿದ್ದವು.

ಈ ಪರಂಪರೆಗೆ ಹಡ್ಸನ್ ರಿವರ್ ಸ್ಕೂಲ್ ಎಂದು ಹೆಸರು. ಶುರು ಮಾಡಿದವನು ಥಾಮಸ್ ಕೋಲ್. ದೂರದ ಪಶ್ಚಿಮದ ಕಣಿವೆಗಳವರೆಗೆ ಅದನ್ನು ಕೊಂಡೊಯ್ದವರಲ್ಲಿ ದೊಡ್ಡ ಹೆಸರು ಥಾಮಸ್ ಮೊರಾನ್. ಇವರಿಬ್ಬರ ಜೀವನಚರಿತ್ರೆಯ ಮೊದಲ ಸಾಲುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದಾಗ ಮೈ ಜುಮ್ಮೆಂದಿತು. ಕೋಲ್ ಹುಟ್ಟಿದ್ದು 1801ರಲ್ಲಿ, ಮೊರಾನ್ 1837ರಲ್ಲಿ. ಇಬ್ಬರೂ ಅಮೆರಿಕದಲ್ಲಿ ಹುಟ್ಟಿದವರಲ್ಲ. ಇಬ್ಬರೂ ಹುಟ್ಟಿದ್ದು ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ, ಅದೂ ಒಂದೇ ಊರಿನಲ್ಲಿ. ಬೋಲ್ಟನ್!

ಬೋಲ್ಟನ್ ಎಂದರೆ ಹತ್ತಿ ಗಿರಣಿಗಳ ಊರು, ಚಿಮಣಿಗಳ ಊರು. ಸ್ಯಾಮ್ಯುಯೆಲ್ ಕ್ರಾಂಪ್ಟನ್ 1779ರಲ್ಲಿ ‘ಮ್ಯೂಲ್’ ಎಂಬ ನೂಲುವ ಯಂತ್ರವನ್ನು ರೂಪಿಸಿದ್ದು ಅಲ್ಲೇ. ಯಂತ್ರದ ನೂಲು ಬಂತು, ಅದರ ಹಿಂದೆ ಯಂತ್ರದ ಮಗ್ಗ ಬಂತು, ಕೈಮಗ್ಗದವರ ಹೊಟ್ಟೆಗೆ ಕುತ್ತು ಬಂತು. 1812ರಲ್ಲಿ ಪಕ್ಕದ ವೆಸ್ಟ್‌ಹೌಟನ್ನಿನಲ್ಲಿ ಸಿಟ್ಟಿಗೆದ್ದ ಜನ ಗಿರಣಿಯೊಂದನ್ನೇ ಸುಟ್ಟರು. ಕೋಲ್‌ಗೆ ಆಗ ಹನ್ನೊಂದು ವರ್ಷ. ಅವನ ಅಪ್ಪನ ವ್ಯಾಪಾರ ಮುಳುಗಿತ್ತು. ಹುಡುಗ ಚೀಟಿ ಬಟ್ಟೆಗೆ ಅಚ್ಚು ಕೆತ್ತುವ ಕೆಲಸಕ್ಕೆ ಸೇರಿದ. ಮೊರಾನ್‌ನ ಅಪ್ಪನಂತೂ ಕೈಮಗ್ಗದ ನೇಕಾರನೇ. ಯಂತ್ರಮಗ್ಗದ ಎದುರು ನಿಲ್ಲಲಾಗದೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು 1844ರಲ್ಲಿ ಹಡಗು ಹತ್ತಿದ.

ಈ ಊರಿನ ಹೆಸರು ನಮಗೂ ದೂರದ್ದಲ್ಲ. 1840ರ ದಶಕದಿಂದ ಧಾರವಾಡದ ಎರೆನೆಲದಲ್ಲಿ ಅಮೆರಿಕದ ಹತ್ತಿ ಬೀಜ ಬಿತ್ತಿ ಬೆಳೆಸಿ, ಕುಮಟಾ ಬಂದರಿನ ದಾರಿಯಾಗಿ ಕಳಿಸುತ್ತಿದ್ದದ್ದು ಇದೇ ಲ್ಯಾಂಕಾಶೈರಿನ ಗಿರಣಿಗಳ ಹೊಟ್ಟೆ ತುಂಬಿಸಲು. ಅಲ್ಲಿಂದ ಬಟ್ಟೆಯಾಗಿ ಮರಳಿ ಬಂದದ್ದು ನಮ್ಮ ನೇಕಾರರ ಮಗ್ಗಗಳನ್ನು ನಿಲ್ಲಿಸಿತು. ಬೋಲ್ಟನ್ನಿನಲ್ಲಿ ಮೊರಾನ್‌ನ ಅಪ್ಪ ಪಟ್ಟ ಪಾಡು ಏನೆಂದು ಗದಗ-ಬೆಟಗೇರಿಯ ನೇಕಾರರ ಓಣಿಯಲ್ಲಿ ವಿವರಿಸಿ ಹೇಳಬೇಕಾಗಿಲ್ಲ.

ಈಗ ಯೋಚಿಸಿ. ಹೊಗೆಯ ಊರಲ್ಲಿ ಕಣ್ಣು ಬಿಟ್ಟ ಹುಡುಗನೊಬ್ಬ ಹದಿನೇಳನೆಯ ವಯಸ್ಸಿಗೆ ಕಡಲು ದಾಟುತ್ತಾನೆ. 1825ರಲ್ಲಿ ನ್ಯೂಯಾರ್ಕಿನಿಂದ ಹಡ್ಸನ್ ನದಿಗುಂಟ ಮೇಲಕ್ಕೆ ಹೋಗಿ ಕ್ಯಾಟ್‌ಸ್ಕಿಲ್ ಬೆಟ್ಟಗಳ ನಡುವೆ ನಿಲ್ಲುತ್ತಾನೆ. ಎದುರಿಗೆ ಯಾರೂ ಹೆಸರಿಡದ ಕೆಂಪುಗಳಲ್ಲಿ ಉರಿಯುವ ಶರತ್ಕಾಲದ ಕಾಡು. ಅಲ್ಲೇ ಹುಟ್ಟಿ ಬೆಳೆದವರಿಗೆ ಅದು ಸೌದೆ, ತೊಲೆ, ಹೊಲ ಮಾಡಬೇಕಾದ ನೆಲ. ಅವನಿಗೆ ಮಾತ್ರ ಅದು ಏನೆಂದು ಗೊತ್ತಿತ್ತು, ಏಕೆಂದರೆ ಅದಿಲ್ಲದ ಊರು ಹೇಗಿರುತ್ತದೆಂದು ಅವನು ಕಂಡಿದ್ದ.

ಮರಳಿ ಬಂದು ಅವನು ಬರೆದ ಮೂರು ಚಿತ್ರಗಳು ನ್ಯೂಯಾರ್ಕಿನ ಅಂಗಡಿಯ ಕಿಟಕಿಯಲ್ಲಿ ಕೂತವು. ತಲಾ 25 ಡಾಲರಿಗೆ ಕೊಂಡವರು ಮೂವರೂ ಕಲಾವಿದರೇ: ಹಿರಿಯ ಜಾನ್ ಟ್ರಂಬುಲ್, ವಿಲಿಯಂ ಡನ್ಲಪ್, ಆಶರ್ ಡ್ಯುರಾಂಡ್. ಅದೇ ಶರತ್ಕಾಲದಲ್ಲಿ ಅದೇ ನ್ಯೂಯಾರ್ಕು ಇನ್ನೊಂದು ಸಂಭ್ರಮದಲ್ಲಿ ಮುಳುಗಿತ್ತು. 584 ಕಿಲೋಮೀಟರ್ ಉದ್ದದ ಈರಿ ಕಾಲುವೆ ತೆರೆದುಕೊಂಡಿತ್ತು. ಹಡ್ಸನ್ ನದಿಯಿಂದ ಈರಿ ಸರೋವರಕ್ಕೆ ದೋಣಿಯಲ್ಲೇ ಹೋಗಬಹುದಾಗಿತ್ತು, ಅಲ್ಲಿಂದ ಪಶ್ಚಿಮದ ನೆಲವೆಲ್ಲ ಕೈಗೆಟುಕುತ್ತಿತ್ತು. ಕಾಡಿಗೆ ಬಾಗಿಲು ಒಡೆದದ್ದೂ ಕಾಡಿನ ಚಿತ್ರ ಮಾರಾಟಕ್ಕೆ ಬಂದದ್ದೂ ಒಂದೇ ಋತುವಿನಲ್ಲಿ!

ಕೋಲ್ ಕ್ಯಾಟ್‌ಸ್ಕಿಲ್ ಊರಲ್ಲೇ ಮನೆ ಮಾಡಿದ. ಅಲ್ಲಿನ ಹೊಳೆಯ ದಂಡೆಯಲ್ಲಿ ದಿನವೂ ನಡೆಯುತ್ತಿದ್ದ. ಒಂದು ದಿನ ರೈಲುದಾರಿಗೆಂದು ಆ ದಂಡೆಯ ಮರಗಳಿಗೆ ಕೊಡಲಿ ಬಿತ್ತು. ಅವನು ಉರಿದುಬಿದ್ದು ಪತ್ರ ಬರೆದ, ಅಮೆರಿಕದ ಭೂದೃಶ್ಯದ ಬಗ್ಗೆ 1836ರಲ್ಲಿ ಒಂದು ದೊಡ್ಡ ಪ್ರಬಂಧವನ್ನೇ ಅಚ್ಚು ಹಾಕಿಸಿದ. ಆಮೇಲೆ ಚಿತ್ರ ಬರೆದ. 1837ರಲ್ಲಿ ಮುಗಿದ ‘ವ್ಯೂ ಆನ್ ದ ಕ್ಯಾಟ್‌ಸ್ಕಿಲ್ - ಅರ್ಲಿ ಆಟಮ್’ನಲ್ಲಿ ದಟ್ಟ ಮರಗಳ ನೆರಳಿದೆ, ಹೊಳೆ ಪಕ್ಕ ತಾಯಿ, ಮಗು. ಆರು ವರ್ಷ ಬಿಟ್ಟು, 1843ರಲ್ಲಿ, ಅದೇ ಜಾಗಕ್ಕೆ ಮರಳಿ ‘ರಿವರ್ ಇನ್ ದ ಕ್ಯಾಟ್‌ಸ್ಕಿಲ್ಸ್’ ಬರೆದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ನೀವು! ಬೆಟ್ಟ ಅದೇ, ಹೊಳೆಯ ತಿರುವು ಅದೇ. ಮುಂದಿನ ಮರಗಳು ಮಾತ್ರ ಇಲ್ಲ. ಅವು ನಿಂತಿದ್ದ ಕಡೆ ಬೊಡ್ಡೆಗಳು. ತಾಯಿ ಮಗುವಿನ ಬದಲು ಕೊಡಲಿಯವನೊಬ್ಬ ಬೆನ್ನು ತೋರಿಸಿ ನಿಂತಿದ್ದಾನೆ. ದೂರದ ಸೇತುವೆಯ ಮೇಲೆ ಉಗುರಿನಷ್ಟು ದೊಡ್ಡ ರೈಲು ಹೊಗೆ ಬಿಡುತ್ತ ದಾಟುತ್ತಿದೆ. ಅಮೆರಿಕದ ಚಿತ್ರಕಲೆಯಲ್ಲಿ ರೈಲು ಕಾಣಿಸಿಕೊಂಡ ಮೊದಮೊದಲ ಚಿತ್ರಗಳಲ್ಲಿ ಇದೂ ಒಂದು.

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಅವನ ‘ದಿ ಆಕ್ಸ್‌ಬೋ’ದ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. 1836ರ ಚಿತ್ರ. ಎಡಕ್ಕೆ ಬಿರುಗಾಳಿ, ಮುರಿದ ಮರ, ಕಾಡು. ಬಲಕ್ಕೆ ಬಿಸಿಲು, ಜಮಖಾನೆ ಹಾಸಿದಂತೆ ಹೊಲ, ಕನೆಕ್ಟಿಕಟ್ ನದಿಯ ನೊಗದಂಥ ತಿರುವು. ನಡುವೆ, ಕೆಳಗೆ, ಬಂಡೆಗಳ ಸಂದಿನಲ್ಲಿ ಕಡಲೆಕಾಳಿನಷ್ಟು ಚಿಕ್ಕ ಮನುಷ್ಯ. ಕುಂಚ ಹಿಡಿದು ತಿರುಗಿ ನಮ್ಮನ್ನೇ ನೋಡುತ್ತಿದ್ದಾನೆ. ಕೋಲ್! ಎದುರು ಗುಡ್ಡದ ಮೈಮೇಲೆ ಕಾಡು ಕಡಿದ ಗಾಯಗಳಿವೆ. ಕೆಲವು ವಿದ್ವಾಂಸರಿಗೆ ಅವು ಹೀಬ್ರೂ ಅಕ್ಷರಗಳಂತೆ ಕಂಡಿವೆ. ನನಗೆ ಅಕ್ಷರ ಕಾಣಲಿಲ್ಲ, ಗಾಯವೇ ಕಂಡಿತು.

ಎಲ್ಲರೂ ಕೋಲ್‌ನಂತೆ ನೊಂದವರಲ್ಲ ಎಂಬುದನ್ನೂ ಹೇಳಬೇಕು. ಅವನ ಗೆಳೆಯ ಡ್ಯುರಾಂಡ್ 1853ರಲ್ಲಿ ‘ಪ್ರೋಗ್ರೆಸ್’ ಎಂದೇ ಹೆಸರಿಟ್ಟು ಬರೆದ ಚಿತ್ರದಲ್ಲಿ ಬಲಗಡೆಯ ಹೊಂಬೆಳಕಿನಲ್ಲಿ ತಂತಿ ಕಂಬ, ಉಗಿ ದೋಣಿ, ರೈಲು ಎಲ್ಲ ಸಾಲಾಗಿ ಬರುತ್ತವೆ. ಎಡಗಡೆಯ ಕತ್ತಲ ಮೂಲೆಯ ಬಂಡೆ ಮೇಲೆ ಕೆಲವು ಮೂಲನಿವಾಸಿಗಳು ನಿಂತು ಕೆಳಗಿನ ಬೆಳಕನ್ನು ನೋಡುತ್ತಿದ್ದಾರೆ. ಅವರ ಪಾಲಿಗೆ ಆ ಬೆಳಕು ಏನಾಗಿತ್ತೆಂದು ಬಲ್ಲ ಇಂದಿನ ನಮಗೆ ಕಣ್ಣು ಆ ಮೂಲೆಯಿಂದ ಕೀಳಲಾಗುವುದಿಲ್ಲ. ಬರೆಸಿದವನು ಚಾರ್ಲ್ಸ್ ಗೌಲ್ಡ್ ಎಂಬ ರೈಲು ಕಂಪನಿಯ ಅಧಿಕಾರಿ.

ಇಲ್ಲಿ ಮತ್ತೊಂದು ಸೋಜಿಗ. ಈ ಕಲಾವಿದರು ಬೆಟ್ಟ ಹತ್ತಿ ಬಣ್ಣ ಬಳಿಯಲು ಸಾಧ್ಯವಾದದ್ದೇ ಕಾರ್ಖಾನೆಗಳಿಂದ! ಮೊದಲೆಲ್ಲ ಕಲೆಸಿದ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಒಮ್ಮೆ ಚುಚ್ಚಿದರೆ ಸೋರುತ್ತಿತ್ತು, ಒಣಗುತ್ತಿತ್ತು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕನ್ ಕಲಾವಿದ ಹಿಂಡಿದರೆ ಬಣ್ಣ ಬರುವ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಟ್ಯೂಬುಗಳನ್ನು ಜೇಬಿಗೆ ಹಾಕಿಕೊಂಡು ಕಾಡಿಗೆ ಹೋಗಬಹುದಾಯಿತು. ಅದೇ ಹೊತ್ತಿಗೆ ರಸಾಯನ ಕಾರ್ಖಾನೆಗಳು ಕ್ಯಾಡ್ಮಿಯಂ ಹಳದಿಯಂಥ ಹೊಸ ಬಣ್ಣಗಳನ್ನು ಕೊಟ್ಟವು. ಕೋಲ್‌ನ ಶಿಷ್ಯ ಫ್ರೆಡರಿಕ್ ಚರ್ಚ್ 1860ರಲ್ಲಿ ‘ಟ್ವೈಲೈಟ್ ಇನ್ ದ ವಿಲ್ಡರ್ನೆಸ್’ನಲ್ಲಿ ಆಕಾಶಕ್ಕೆ ಬೆಂಕಿ ಹಚ್ಚಿದ್ದು ಇಂಥ ಹೊಸ ಬಣ್ಣಗಳಿಂದಲೇ. ಅದೇ ವರ್ಷ ಜಾಸ್ಪರ್ ಕ್ರಾಪ್ಸಿ ತನ್ನ ‘ಆಟಮ್ ಆನ್ ದ ಹಡ್ಸನ್’ ಅನ್ನು ಲಂಡನ್ನಿನಲ್ಲಿ ತೋರಿಸಿದಾಗ, ಎಲೆಗಳಿಗೆ ಇಂಥ ಕೆಂಪು ಎಲ್ಲಾದರೂ ಉಂಟೇ ಎಂದು ನೋಡಿದವರು ನಂಬಲಿಲ್ಲ. ಕ್ರಾಪ್ಸಿ ಅಮೆರಿಕದ ನಿಜವಾದ ಎಲೆಗಳನ್ನೇ ಚಿತ್ರದ ಪಕ್ಕದಲ್ಲಿಟ್ಟು ತೋರಿಸಿದ.

ಇಷ್ಟು ಓದುವ ಹೊತ್ತಿಗೆ ಇನ್ನು ಬೆರಗಿಗೆ ಜಾಗವಿಲ್ಲ ಎಂದುಕೊಂಡಿದ್ದೆ. ಆಗ ಸ್ಯಾನ್‌ಫರ್ಡ್ ಗಿಫರ್ಡ್ ಸಿಕ್ಕಿದ.

‘ಹಂಟರ್ ಮೌಂಟನ್, ಟ್ವೈಲೈಟ್’, 1866. ಮುಸ್ಸಂಜೆ. ಬೆಟ್ಟದ ಹಿಂದೆ ತಾಮ್ರದ ಬೆಳಕು, ಮೇಲೆ ಎಳೆ ಚಂದ್ರ. ಪುಟ್ಟ ಮನೆ, ಮನೆಗೆ ತಿರುಗುವ ದನ. ಮುನ್ನೆಲೆಯಲ್ಲಿ, ಕತ್ತಲು ಕವಿಯುತ್ತಿರುವ ನೆಲದಲ್ಲಿ, ಬೊಡ್ಡೆಗಳು, ಬೊಡ್ಡೆಗಳು, ಬೊಡ್ಡೆಗಳು. ನಿಂತು ನೋಡಿದರೆ ಸ್ಮಶಾನದ ಕಲ್ಲುಗಳಂತೆ ಕಾಣುತ್ತವೆ. ಇಷ್ಟು ಸುಂದರ ಆಕಾಶದ ಕೆಳಗೆ ಇಷ್ಟು ಸಾವನ್ನು ಇಟ್ಟ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ.

ಅದು ಹೆಮ್ಲಾಕ್ ಮರಗಳ ನೆಲ. ನಮ್ಮಲ್ಲಿ ತಂಗಡಿ ಗಿಡದ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದಂತೆ ಅಲ್ಲಿ ಹೆಮ್ಲಾಕ್ ತೊಗಟೆಯಿಂದ ಹದ ಮಾಡುತ್ತಿದ್ದರು. ದಕ್ಷಿಣ ಅಮೆರಿಕದಿಂದ ಹಸಿ ತೊಗಲು ಹಡಗಿನಲ್ಲಿ ನ್ಯೂಯಾರ್ಕಿಗೆ, ಅಲ್ಲಿಂದ ಹಡ್ಸನ್ ಮೇಲೆ ಕ್ಯಾಟ್‌ಸ್ಕಿಲ್ ಬೆಟ್ಟಗಳಿಗೆ ಬರುತ್ತಿತ್ತು. ರಾಶಿ ರಾಶಿ ತೊಗಟೆಯನ್ನು ತೊಗಲಿದ್ದ ಕಡೆಗೆ ಸಾಗಿಸುವುದಕ್ಕಿಂತ ತೊಗಲನ್ನೇ ತೊಗಟೆಯ ಕಡೆಗೆ ತರುವುದು ಅಗ್ಗವಾಗಿತ್ತು. ನೂರಾರು ವರ್ಷದ ಮರ ಉರುಳಿಸಿ, ತೊಗಟೆ ಸುಲಿದುಕೊಂಡು, ದಿಮ್ಮಿಯನ್ನು ಎಷ್ಟೋ ಕಡೆ ಕೊಳೆಯಲು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಗಿಫರ್ಡ್ ಹಡ್ಸನ್ ಊರಲ್ಲೇ ಬೆಳೆದವನು. ಅವನ ಅಪ್ಪನದು ಕಬ್ಬಿಣ ಎರಕದ ಕಾರ್ಖಾನೆ. ಅವನಿಗೆ ತಿಳಿಯದ್ದು ಇದರಲ್ಲಿ ಏನೂ ಇರಲಿಲ್ಲ.

ಚಿತ್ರ ಕೊಂಡವನು ಅವನ ಗೆಳೆಯ ಜೇಮ್ಸ್ ಪಿಂಚೊ, ಗೋಡೆಗೆ ಅಂಟಿಸುವ ಬಣ್ಣದ ಕಾಗದದ ವ್ಯಾಪಾರದಲ್ಲಿ ದುಡ್ಡು ಮಾಡಿದ ಮನುಷ್ಯ. ಹಿಂದಿನ ತಲೆಮಾರಿನಲ್ಲಿ ಪಿಂಚೊ ಮನೆತನದ ಕಸುಬೇ ಪೆನ್ಸಿಲ್ವೇನಿಯಾದ ಕಾಡು ಕಡಿದು ದಿಮ್ಮಿಗಳನ್ನು ಹೊಳೆಯಲ್ಲಿ ತೇಲಿ ಬಿಡುವುದು. ಬೊಡ್ಡೆಗಳ ಚಿತ್ರ ಆ ಮನೆಯ ಗೋಡೆ ಸೇರಿತು. 1865ರಲ್ಲಿ ಹುಟ್ಟಿದ ಆ ಮನೆಯ ಮಗನಿಗೆ ಅಪ್ಪ ಅಮ್ಮ ಕಲಾವಿದ ಗೆಳೆಯನ ಹೆಸರನ್ನೇ ಇಟ್ಟರು: ಗಿಫರ್ಡ್.

ಗಿಫರ್ಡ್ ಪಿಂಚೊ! ಅಮೆರಿಕದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥ. 1905ರಲ್ಲಿ ಇಲಾಖೆ ಹುಟ್ಟಿದಾಗ ರಾಷ್ಟ್ರೀಯ ಅರಣ್ಯಗಳ ವಿಸ್ತೀರ್ಣ ಸುಮಾರು 5.6 ಕೋಟಿ ಎಕರೆ. 1910ರಲ್ಲಿ ಅವನು ಹೊರಬೀಳುವಾಗ ಸುಮಾರು 17.2 ಕೋಟಿ ಎಕರೆ. ಕಡಿದ ಕಾಡಿನ ದುಡ್ಡಿನ ಮನೆತನ 1900ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರದ ಶಾಲೆ ತೆರೆಯಲು ಹಣ ಸುರಿಯಿತು. ಎಳೆತನದಲ್ಲಿ ಯಾವ ಚಿತ್ರ ಕಣ್ಣೆದುರಿಗಿದ್ದರೆ ಮಗು ಏನಾಗುತ್ತದೆ ಎಂದು ಲೆಕ್ಕ ಹಾಕಿ ಹೇಳಲು ಬರುವುದಿಲ್ಲ. ಆದರೂ ಆ ಬೊಡ್ಡೆಗಳು ಆ ಹುಡುಗನ ಜೊತೆ ಮಾತಾಡಿರಲಾರವೇ? ಆಡಿವೆ ಎಂದೇ ನನ್ನ ನಂಬಿಕೆ.

ತಡೆಯಿರಿ, ಇನ್ನೂ ಇದೆ. ತರುಣ ಪಿಂಚೊ ಕಾಡಿನ ವಿದ್ಯೆ ಕಲಿಯಲು ಯುರೋಪಿಗೆ ಹೋದಾಗ ಅವನನ್ನು ಕೈಹಿಡಿದು ನಡೆಸಿದ ಗುರು ಡೀಟ್ರಿಚ್ ಬ್ರಾಂಡಿಸ್. 1864ರಿಂದ 1883ರವರೆಗೆ ನಮ್ಮ ಭಾರತದ ಅರಣ್ಯಗಳ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವನು, ಡೆಹ್ರಾಡೂನಿನ ಅರಣ್ಯ ಶಾಲೆ ಕಟ್ಟಿದವನು. ನಮ್ಮ ಸಾಗುವಾನಿ, ಸಾಲ ಮರಗಳ ನಡುವೆ ಕಲಿತದ್ದನ್ನು ಅವನು ಈ ಅಮೆರಿಕನ್ ಹುಡುಗನಿಗೆ ಧಾರೆ ಎರೆದ. ಕ್ಯಾಟ್‌ಸ್ಕಿಲ್ಲಿನ ಒಂದು ಮುಸ್ಸಂಜೆಯ ಚಿತ್ರದಿಂದ ಹೊರಟ ದಾರಿ ಭಾರತದ ಕಾಡುಗಳ ಅನುಭವವನ್ನು ಬಳಸಿಕೊಂಡು ಮತ್ತೆ ಅಮೆರಿಕಕ್ಕೆ ಹೋಗಿ ಸೇರಿತು.

ಪೂರ್ವದ ಕಾಡು ಹೀಗೆ ಕರಗುತ್ತಿದ್ದಾಗ ಜನ ಪಶ್ಚಿಮಕ್ಕೆ ಹೊರಟಿದ್ದರು. 1862ರ ಹೋಮ್‌ಸ್ಟೆಡ್ ಕಾಯಿದೆ ಬಂತು: ಹೋಗಿ ನೆಲೆಸಿ ಸಾಗುವಳಿ ಮಾಡುವವರಿಗೆ 160 ಎಕರೆ. ಪಶ್ಚಿಮಕ್ಕೆ ಹೊರಟ ಬಂಡಿಗಳ ದಾರಿಯಲ್ಲಿ ಕಲಾವಿದರೂ ಹೋದರು, ಕೆಲವರು ಕಾಯಿದೆಗೂ ಮೊದಲೇ. ಆಲ್ಬರ್ಟ್ ಬಿಯರ್‌ಸ್ಟಾಟ್ 1859ರಲ್ಲಿ ಸರ್ಕಾರಿ ಸರ್ವೇ ತಂಡದ ಜೊತೆ ಹೋಗಿ ಬಂದು ಗೋಡೆಯಷ್ಟು ದೊಡ್ಡ ಕ್ಯಾನ್ವಾಸುಗಳನ್ನು ಬರೆದ. ‘ದ ರಾಕಿ ಮೌಂಟನ್ಸ್, ಲ್ಯಾಂಡರ್ಸ್ ಪೀಕ್’ (1863) ಮೂರು ಮೀಟರ್ ಅಗಲ. 25,000 ಡಾಲರ್ ಕೊಟ್ಟು ಕೊಂಡವನು ಜೇಮ್ಸ್ ಮೆಕ್‌ಹೆನ್ರಿ, ರೈಲು ದಾರಿಗಳಿಗೆ ಬಂಡವಾಳ ಹೂಡುವವನು. ಮತ್ತೆ ರೈಲು! ಬಿಯರ್‌ಸ್ಟಾಟ್‌ನ ಬೆಟ್ಟಗಳು ಕಣ್ಣು ಕುಕ್ಕುತ್ತವೆ, ನಿಜ. ಅವನಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಾರೆ. ಬೆಳಕು ಅಲ್ಲಿ ಸ್ವಲ್ಪ ಅತಿಯಾಗಿ ಸುರಿಯುತ್ತದೆ.

ಅವನ ಒಂದು ಚಿತ್ರದ ಮುಂದೆ ಮಾತ್ರ ನಿಂತೆ. ‘ಡಾನರ್ ಲೇಕ್ ಫ್ರಮ್ ದ ಸಮಿಟ್’, 1873. ಬರೆಸಿದವನು ಸೆಂಟ್ರಲ್ ಪೆಸಿಫಿಕ್ ರೈಲಿನ ಕಾಲಿಸ್ ಹಂಟಿಂಗ್ಟನ್. ಸಿಯೆರಾ ಬೆಟ್ಟಗಳ ನೆತ್ತಿಯ ಸೂರ್ಯೋದಯ. ರೈಲುದಾರಿ ಬಲಗಡೆಯ ಬಂಡೆಯ ಮೈಯಲ್ಲಿ ತೆಳ್ಳಗೆ ಎಳೆದ ಗೆರೆ. ಆ ಗೆರೆಯ ಒಳಗೆ ಏನಿದೆ ಗೊತ್ತೇ? ಗಟ್ಟಿ ಗ್ರಾನೈಟಿನಲ್ಲಿ ಕೊರೆದ 500 ಮೀಟರಿಗೂ ಉದ್ದದ ಸುರಂಗ. ಹಿಮದ ರಾಶಿಯಲ್ಲಿ, ಸುತ್ತಿಗೆ ಉಳಿ ಸಿಡಿಮದ್ದು ಹಿಡಿದು ಅದನ್ನು ಕೊರೆದವರು ಚೀನಾದಿಂದ ಬಂದ ಕೂಲಿಗಳು. ಆ ರೈಲುದಾರಿಯಲ್ಲಿ ದುಡಿದ ಚೀನೀಯರು ಹತ್ತು ಸಾವಿರಕ್ಕೂ ಹೆಚ್ಚು. 1869ರ ಮೇ 10ರಂದು ಯೂಟಾದಲ್ಲಿ ಎರಡೂ ಕಡೆಯ ಹಳಿ ಕೂಡಿತು, ಕಡಲಿಂದ ಕಡಲಿಗೆ ದಾರಿಯಾಯಿತು. 1882ರಲ್ಲಿ ಚೀನೀ ಕೂಲಿಗಳು ದೇಶಕ್ಕೆ ಬರಕೂಡದೆಂದು ಕಾಯಿದೆಯಾಯಿತು. ಚಿತ್ರದಲ್ಲಿ ಒಬ್ಬನೇ ಒಬ್ಬ ಕೂಲಿಯೂ ಇಲ್ಲ.

ಇನ್ನು ಬೋಲ್ಟನ್ನಿನ ಎರಡನೆಯ ಹುಡುಗ, ನೇಕಾರನ ಮಗ ಮೊರಾನ್. ಫಿಲಡೆಲ್ಫಿಯಾದಲ್ಲಿ ಮರದಚ್ಚು ಕೆತ್ತುವವರ ಬಳಿ ಕೆಲಸ ಕಲಿತ. 1871ರಲ್ಲಿ ‘ಸ್ಕ್ರಿಬ್ನರ್ಸ್ ಮಂತ್ಲಿ’ ಪತ್ರಿಕೆಗೆ ಯೆಲ್ಲೊಸ್ಟೋನ್ ಎಂಬ ವಿಚಿತ್ರ ನಾಡಿನ ಲೇಖನವೊಂದು ಬಂತು: ನೆಲದಿಂದ ಚಿಮ್ಮುವ ಬಿಸಿನೀರು, ಕುದಿಯುವ ಕೆಸರು, ಹಳದಿ ಕಲ್ಲಿನ ಕಣಿವೆ. ಕಣ್ಣಾರೆ ಕಾಣದ ಊರಿಗೆ ಯಾರೋ ಗೀಚಿದ ಚಿತ್ರಗಳನ್ನು ನೋಡಿಕೊಂಡು ಚಿತ್ರ ಬರೆದುಕೊಟ್ಟ ಮೊರಾನ್ ತಡೆಯಲಾರದೆ ಹೋದ. ಪತ್ರಿಕೆಯಿಂದ 500, ನಾರ್ದರ್ನ್ ಪೆಸಿಫಿಕ್ ರೈಲಿನ ಹಣಕಾಸುದಾರ ಜೇ ಕುಕ್‌ನಿಂದ 500 ಡಾಲರ್ ಸಾಲ ಎತ್ತಿ ಭೂವಿಜ್ಞಾನಿ ಫರ್ಡಿನೆಂಡ್ ಹೇಡನ್‌ನ ತಂಡ ಸೇರಿಕೊಂಡ. ವಯಸ್ಸು 34. ಹುಟ್ಟಿದಂದಿನಿಂದ ಕುದುರೆ ಹತ್ತಿದವನಲ್ಲ. ಮೈಯಲ್ಲಿ ಮೂಳೆ ಚರ್ಮ ಬಿಟ್ಟರೆ ಏನೂ ಇಲ್ಲ. ಜೀನಿನ ಮೇಲೆ ತಲೆದಿಂಬು ಹಾಕಿಕೊಂಡು ಕೂತು ಹೋದ!

ಆ ತಲೆದಿಂಬಿನ ಸವಾರ ತಂದ ಜಲವರ್ಣಗಳು, ಜೊತೆಗಿದ್ದ ವಿಲಿಯಂ ಹೆನ್ರಿ ಜಾಕ್ಸನ್ ತೆಗೆದ ಫೋಟೋಗಳು ವಾಷಿಂಗ್ಟನ್ನಿಗೆ ಬಂದವು. ಬರಿಯ ಬಾಯಿಮಾತಿಗೆ ಇದೆಲ್ಲ ಸುಳ್ಳು ಎನ್ನುತ್ತಿದ್ದವರು ಬಣ್ಣ ನೋಡಿ ಬಾಯಿ ಮುಚ್ಚಿದರು. 1872ರ ಮಾರ್ಚ್ 1ರಂದು ಅಧ್ಯಕ್ಷ ಗ್ರಾಂಟ್ ಸಹಿ ಹಾಕಿದ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. ಅದೇ ಬೇಸಿಗೆಯಲ್ಲಿ ಮೊರಾನ್ ಬರೆದ ಎರಡು ಮೀಟರ್ ಎತ್ತರ, ಮೂರೂವರೆ ಮೀಟರಿಗೂ ಹೆಚ್ಚು ಅಗಲದ ‘ಗ್ರಾಂಡ್ ಕ್ಯಾನ್ಯನ್ ಆಫ್ ದ ಯೆಲ್ಲೊಸ್ಟೋನ್’ ಅನ್ನು ಸಂಸತ್ತು 10,000 ಡಾಲರಿಗೆ ಕೊಂಡು ತನ್ನ ಕಟ್ಟಡದಲ್ಲೇ ತೂಗುಹಾಕಿತು. ಸಹಿಯಲ್ಲಿ ಮೊರಾನ್ ತನ್ನ ಹೆಸರಿನ ನಡುವೆ ಯೆಲ್ಲೊಸ್ಟೋನಿನ ಮೊದಲಕ್ಷರ ಸೇರಿಸಿಕೊಂಡ. ರೈಲು ಕಂಪನಿಗೆ ಬೇಕಾಗಿದ್ದದ್ದು ಟಿಕೆಟ್ ಕೊಳ್ಳುವ ಪ್ರವಾಸಿಗಳು. ಅದರ ಸಾಲದ ದುಡ್ಡಿನಲ್ಲಿ ಹೋದವನು ತಂದದ್ದು ಒಂದು ಕಾಡಿಗೆ ಕಾನೂನಿನ ಕಾವಲು.

ಹಿಗ್ಗು ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆ ಉದ್ಯಾನ ಯಾರೂ ಇಲ್ಲದ ನೆಲವಾಗಿರಲಿಲ್ಲ. ತುಕುದಿಕ ಎಂಬ ಶೋಶೋನಿ ಜನ ಅಲ್ಲಿಯ ಎತ್ತರದಲ್ಲಿ ಬಾಳುತ್ತಿದ್ದರು. ಕ್ರೋ, ಬ್ಯಾನಕ್, ಬ್ಲ್ಯಾಕ್‌ಫೀಟ್ ಜನ ಬೇಟೆಗೆ, ಆಯುಧದ ಕಲ್ಲಿಗೆ ಬಂದು ಹೋಗುತ್ತಿದ್ದರು. ಉದ್ಯಾನವಾದ ಮೇಲೆ ತುಕುದಿಕ ಜನರನ್ನು ಅಲ್ಲಿಂದ ಎಬ್ಬಿಸಿದರು. ಉದ್ಯಾನಕ್ಕೆ ಐದು ವರ್ಷ ತುಂಬಿದ 1877ರಲ್ಲಿ, ಸೈನ್ಯ ಬೆನ್ನಟ್ಟಿದ ನೆಜ್ ಪರ್ಸ್ ಜನ, ಹೆಂಗಸರು ಮಕ್ಕಳು ಮುದುಕರು ಸೇರಿ ಏಳೆಂಟು ನೂರು ಮಂದಿ, ಇದೇ ಚೆಲುವಿನ ನಡುವೆ ಪ್ರಾಣ ಹಿಡಿದುಕೊಂಡು ಹಾದುಹೋದರು. ಬಿಸಿನೀರ ಬುಗ್ಗೆ ನೋಡಲು ಬಂದಿದ್ದ ಪ್ರವಾಸಿಗಳೂ ಅವರಿಗೆ ಎದುರಾದರು. ಕೆನಡಾದ ಗಡಿ ಇನ್ನೇನು ಸಿಕ್ಕಿತು ಎನ್ನುವಾಗ ಅವರು ಸೆರೆಯಾದರು. ಇದನ್ನು ಯಾರೂ ಮೂರೂವರೆ ಮೀಟರ್ ಅಗಲಕ್ಕೆ ಬರೆಯಲಿಲ್ಲ.

ಗ್ರೀನ್ ರಿವರ್ ಕಥೆಯನ್ನು ಕೊನೆಗೆಂದು ಇಟ್ಟುಕೊಂಡಿದ್ದೆ. 1871ರಲ್ಲಿ ಮೊರಾನ್ ಪಶ್ಚಿಮಕ್ಕೆ ಬಂದು ರೈಲಿನಿಂದ ಇಳಿದದ್ದು ವಯೋಮಿಂಗಿನ ಗ್ರೀನ್ ರಿವರ್ ನಿಲ್ದಾಣದಲ್ಲಿ. ಎದುರಿಗೆ ನದಿ, ಆಚೆ ಕೆಂಪು ಹಳದಿ ಬಣ್ಣದ ಕಡಿದಾದ ಬಂಡೆಗಳು. ಅಲ್ಲೇ ನಿಂತು ಗೀಚಿಕೊಂಡ. ‘ಪಶ್ಚಿಮದಲ್ಲಿ ಮಾಡಿದ ಮೊದಲ ಚಿತ್ರ’ ಎಂದು ಅದರ ಮೇಲೆ ಬರೆದುಕೊಂಡ. ಆ ಬಂಡೆಗಳನ್ನು ಅವನು ಜೀವಮಾನವಿಡೀ ಮತ್ತೆ ಮತ್ತೆ ಬರೆದ. 1878ರಲ್ಲಿ ಬರೆದದ್ದೊಂದು 2008ರ ಹರಾಜಿನಲ್ಲಿ 1.77 ಕೋಟಿ ಡಾಲರಿಗೆ ಹೋಯಿತು. ಹೆಚ್ಚಿನವುಗಳಲ್ಲಿ ನದಿ, ಬಂಡೆ, ಬೆಳಕು, ಕುದುರೆ ಏರಿ ಸಾಲಾಗಿ ಸಾಗುವ ಮೂಲನಿವಾಸಿಗಳು. ಅಷ್ಟೇ.

ಅವನು ಇಳಿದಾಗ ಅಲ್ಲಿ ರೈಲು ನಿಲ್ದಾಣವಿತ್ತು. ಸೇತುವೆಯಿತ್ತು. ಹೋಟೆಲಿತ್ತು, ಶಾಲೆಯಿತ್ತು, ಬಿಯರ್ ಭಟ್ಟಿಯಿತ್ತು. ಎಲ್ಲವನ್ನೂ ಅಳಿಸಿಬಿಟ್ಟ! ತಾನು ಕೂತು ಬಂದ ರೈಲನ್ನೂ ಅಳಿಸಿದ. ಇನ್ನೆಸ್ ಮುಚ್ಚಲೊಪ್ಪದ್ದನ್ನು ಮೊರಾನ್ ಒರೆಸಿಯೇ ಹಾಕಿದ. ನನ್ನ ಮನಸ್ಸು ಇನ್ನೆಸ್‌ನ ಕಡೆಗೆ, ಗಿಫರ್ಡ್‌ನ ಕಡೆಗೆ ವಾಲುತ್ತದೆ. ಬೊಡ್ಡೆಯನ್ನು ಬೊಡ್ಡೆಯಾಗಿ ಬರೆದವರು ಅವರು. ಹಾಗೆಂದು ಮೊರಾನ್‌ನನ್ನು ಸುಳ್ಳ ಎನ್ನಲು ನಾಲಿಗೆ ಏಳುವುದಿಲ್ಲ. ಏಳು ವರ್ಷದ ಹುಡುಗನಾಗಿದ್ದಾಗ ಅಪ್ಪನ ಮಗ್ಗ ನಿಲ್ಲಿಸಿದ ಯಂತ್ರವನ್ನು ಅವನು ಕ್ಯಾನ್ವಾಸಿನ ಮೇಲಾದರೂ ಒಂದು ಸಲ ನಿಲ್ಲಿಸಿದ ಎಂದು ನನಗೆ ಅನ್ನಿಸಿಬಿಟ್ಟಿದೆ.

ಇವರ ಕುಂಚಕ್ಕೆ ಎಷ್ಟು ಕಸುವಿತ್ತು ಎಂಬುದಕ್ಕೆ ನೂರು ವರ್ಷದ ಮೇಲಿನ ಮಾತೊಂದಿದೆ. ಹಡ್ಸನ್ ದಂಡೆಯ ಗುಡ್ಡದ ಮೇಲೆ ಫ್ರೆಡರಿಕ್ ಚರ್ಚ್ ಕಟ್ಟಿಸಿದ ‘ಒಲಾನಾ’ ಎಂಬ ಮನೆಯಿದೆ. ಅದರ ಕಿಟಕಿಗಳಿಂದ ಕಾಣುವ ನದಿ ಬೆಟ್ಟಗಳೇ ಅವನ ಚಿತ್ರಗಳು. 1970ರ ದಶಕದಲ್ಲಿ ಎದುರು ದಂಡೆಯ ಸಿಮೆಂಟನ್ ಎಂಬಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಬಂತು. ಚರ್ಚ್ ಬರೆದ ನೋಟದ ನಡುವೆ ದೈತ್ಯ ತಂಪುಗೋಪುರ ಏಳುತ್ತದೆ ಎಂಬ ವಾದ ಎದ್ದಿತು. 1979ರಲ್ಲಿ ಅಮೆರಿಕದ ಅಣು ನಿಯಂತ್ರಣ ಆಯೋಗದ ಸಿಬ್ಬಂದಿ ಅನುಮತಿ ಕೊಡಬೇಡಿ ಎಂದು ಶಿಫಾರಸು ಮಾಡಿದರು; ಆ ನೋಟಕ್ಕೆ ಆಗುವ ಹಾನಿ ಅದರ ಮುಖ್ಯ ಕಾರಣವಾಗಿತ್ತು. ಸ್ಥಾವರ ಅಲ್ಲಿ ಏಳಲಿಲ್ಲ.

ನಿಮ್ಮ ಮೊಬೈಲಿನಲ್ಲೇ ಈ ಚಿತ್ರಗಳನ್ನು ತೆರೆಯಬಹುದು. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ, ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಎರಡೂ ದೊಡ್ಡ ಗಾತ್ರದಲ್ಲಿ ಬಿಟ್ಟಿಯಾಗಿ ಇಟ್ಟಿವೆ. ಬೆರಳಿಂದ ಹಿಗ್ಗಿಸಿ, ನಡುವಿನ ಬಯಲಿಗೆ ಇಳಿಯಿರಿ. ಇನ್ನು ಗ್ರೀನ್ ರಿವರ್ ಬಂಡೆಗಳನ್ನು ಮೊರಾನ್ 1882ರಲ್ಲಿ ಬರೆದ ‘ನಿಯರಿಂಗ್ ಕ್ಯಾಂಪ್’ ಎಂಬ ಸಂಜೆಯ ಚಿತ್ರವೊಂದಿದೆ, ಅದರಲ್ಲೂ ರೈಲಿಲ್ಲ, ಹೊಗೆಯಿಲ್ಲ. ಅದು ಈಗ ಇರುವುದು ಬೋಲ್ಟನ್ ಊರಿನ ವಸ್ತುಸಂಗ್ರಹಾಲಯದಲ್ಲಿ.